ಒಂಟಿ ಚಿಕ್ಕಿ ಆರಿಸುವ ಮಂಡಳಿ

ಬೆಟಗೇರಿ
ಮಂಗಳವಾರ, ೧೮ ನವೆಂಬರ್ ೨೦೨೫

ಬೆಟಗೇರಿ ನಕ್ಷತ್ರ ಆಯ್ಕೆ ಮಂಡಳಿಯ ಮಾನ್ಯ ಸದಸ್ಯರೇ, ಆಯ್ಕೆಯಾಗಿ ಬೀಗುತ್ತಿರುವ ಚಿಕ್ಕಿಗಳೇ, ಆಯ್ಕೆಯಾಗದೆ ಮೋಡದ ಮರೆಗೆ ಸರಿದು ಮುಖ ಊದಿಸಿಕೊಂಡ ಚಿಕ್ಕಿಗಳೇ, ಮತ್ತು ಈ ಮಹಾಸಭೆಗೆ ಇರುವ ಒಬ್ಬಳೇ ಶ್ರೋತೃವೂ ನನ್ನ ಹೆಂಡತಿಯೂ ಆದ ಪ್ರೀತಿಯ ಮಮತಾ,

ಎಲ್ಲರಿಗೂ, ಈ ಮಂಡಳಿಯ ಅಧ್ಯಕ್ಷನೂ ಕಾರ್ಯದರ್ಶಿಯೂ ಸಭೆ ಮುಗಿದ ಮೇಲೆ ಜಮಖಾನೆ ಮಡಚುವವನೂ ಆದ ನಂದೀಶನ ಸಾದರ ನಮಸ್ಕಾರ. ಸಭೆಗೆ ಬೇಕಾದಷ್ಟು ಜನ ಸೇರಿದ್ದಾರೆ. ಹೊಸ್ತಿಲ ಹತ್ತಿರ ಅವ್ವ ಅವರೆಕಾಯಿ ಬಿಡಿಸುತ್ತ ಕೂತಿದ್ದಾಳೆ. ಆಕೆಯನ್ನು ವಿಶೇಷ ಆಹ್ವಾನಿತಳೆಂದು ಬರೆದುಕೊಂಡಿದ್ದೇನೆ. ಆಹ್ವಾನಿತಳು ಈಗಷ್ಟೇ, ಊಟ ಆದಾಗಿಂದ ಏನು ಗೀಚಾಕತ್ತೀ, ಪ್ರೆಸ್ಸಿಗೆ ಹೋಗೂದಿಲ್ಲೇನು ಎಂದು ಕೇಳಿದಳು. ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶವಿದೆ ಎಂದು ಹೇಳಿ ಸುಮ್ಮನಾಗಿಸಿದ್ದೇನೆ.

ವರದಿಗೆ ಮುಂಚೆ ಕೆಲವು ಸೂಚನೆ. ಈ ಕಾಗದವನ್ನು ನಮ್ಮ ಓಣಿಯ ನಬಿಸಾಬ ಕಾಕಾ ತರುತ್ತಿದ್ದಾರೆ. ಸೀರೆ ಗಂಟು ಕಟ್ಟಿಕೊಂಡು ನಾಳೆ ಪುಣೆಗೆ ಹೊರಟಿದ್ದಾರೆ; ಗುರುವಾರ ಮುಂಜಾನೆ ನಿನ್ನ ಹಾಸ್ಟೆಲಿನ ಬಾಗಿಲಿಗೆ ಬರುತ್ತಾರೆ. ಚಹಾ ಕುಡಿಸದೆ ಕಳಿಸಬೇಡ. ಸಕ್ಕರೆ ಬೇಡ ಎನ್ನುತ್ತಾರೆ, ಹಾಕಿದರೆ ಬೈಯುವುದೂ ಇಲ್ಲ. ಅವರ ಚೀಲದಲ್ಲಿ ಅವ್ವ ಬಡಿದ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಈ ಕಾಗದ ಮತ್ತು ಒಂದು ಪೆನ್ ಡ್ರೈವ್ ಇವೆ. ರೊಟ್ಟಿ ಮೊದಲು ತಿನ್ನು, ಕಾಗದ ಆಮೇಲೆ ಓದು, ಪೆನ್ ಡ್ರೈವ್ ಕಂಪ್ಯೂಟರಿಗೆ ಚುಚ್ಚುವುದು ಎಲ್ಲಕ್ಕೂ ಕೊನೆಗೆ. ಅದರಲ್ಲಿರುವುದನ್ನು ನೆಟ್ಟಿನಲ್ಲೇ ಕಳಿಸಬಹುದಿತ್ತಲ್ಲ ಎಂದು ಕೇಳುತ್ತೀ. ಕಳಿಸಬಹುದಿತ್ತು. ಆದರೆ ಅದು ಮೊದಲು ಬಂದರೆ ನೀನು ಫೋನ್ ಮಾಡುತ್ತೀ; ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಪ್ರಾಸ ಹೇಳುತ್ತೇನೆ; ಪ್ರಾಸ ಹೇಳಿದರೆ ಹೇಳಬೇಕಾದದ್ದು ಹೇಳುವುದೇ ಇಲ್ಲ. ಮೊನ್ನೆ ರವಿವಾರ ಆದದ್ದು ಅದೇ ಅಲ್ಲವೇ.

ಮೊನ್ನೆಯ ಮಾತನ್ನು ಸಭೆಯ ಮುಂದೆ ಇಡುತ್ತೇನೆ. ಶುಕ್ರವಾರ ಪುಣೆಯ ನಿಮ್ಮ ಖಗೋಳ ಸಂಸ್ಥೆಯಲ್ಲಿ ದೊಡ್ಡ ಸಭೆ ಇದೆ; ಅಲ್ಲಿ ಎದ್ದು ನಿಂತು ನನ್ನ ಮಾದರಿ ತಪ್ಪು, ಅದನ್ನು ಸಾಫ್ಟ್‌ವೇರಿನಿಂದ ತೆಗೆದುಬಿಡಿ ಎಂದು ಹೇಳುತ್ತೇನೆ, ಶನಿವಾರದ ಗಾಡಿಗೆ ಮನೆಗೆ ಬರುತ್ತೇನೆ ಎಂದೆ ನೀನು. ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಪಾಠ ಮುಗಿಸಿ, ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು, ಕಡೆಯ ಬಸ್ಸು ತಪ್ಪಿಸಿಕೊಂಡು, ವರ್ಷಗಟ್ಟಲೆ ನೀನು ಕಟ್ಟಿದ್ದನ್ನು ತೆಗೆಯುವ ಮಾತು ಅದು. ನೀನು ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಮಾಧಾನ ಹೇಳಬಹುದಿತ್ತು. ಕಾಲೇಜಿನ ಟೈಮ್ ಟೇಬಲ್ ಓದಿದ ಹಾಗೆ ಹೇಳಿದೆ. ನಾನು ಏನಂದೆ? "ತೂತು ಬಿದ್ದರೇನಾತು, ನಾಕು ತುತ್ತು ಉಂಡ್ರ ಆತು" ಎಂದೆ. ನೀನು ನಗಲಿಲ್ಲ. ಇಡ್ತೀನಿ ಎಂದು ಇಟ್ಟೆ.

ಆ ತೂತಿನ ವಿಚಾರವಾಗಿಯೇ ಇಂದಿನ ಸಭೆ.

ಹೊಸ ಸದಸ್ಯರ ಅನುಕೂಲಕ್ಕೆ, ಅಂದರೆ ಅವ್ವನ ಅನುಕೂಲಕ್ಕೆ, ಇವತ್ತು ಬೆಳಿಗ್ಗೆ ನಿನ್ನ ಕೆಲಸವನ್ನು ವಿವರಿಸಿದೆ. ಆಕೆ ಇಷ್ಟು ದಿನ ನೀನು ಚಿಕ್ಕಿಗಳ ಫೋಟೋ ತೊಳೆಯುತ್ತೀ ಎಂದು ತಿಳಿದಿದ್ದಳು. ಅದೇನು ಭಾಳ ತಪ್ಪಲ್ಲ. ನಾನು ಹೇಳಿದ್ದು ಇಷ್ಟು: ನೀ ಅಂಗಳದಾಗ ರಂಗೋಲಿ ಚುಕ್ಕಿ ಇಡುವಾಗ ಗಾಳಿ ಬೀಸಿತು ಅಂತ ತಿಳಕೋ. ಎಲ್ಲ ಚುಕ್ಕಿಯೂ ಹರಡುತ್ತದೆ, ಆದರೆ ಎಲ್ಲವೂ ಒಂದೇ ರೀತಿ ಹರಡುತ್ತವೆ, ಯಾಕೆಂದರೆ ಗಾಳಿ ಒಂದೇ. ಆಕಾಶದ ಚಿಕ್ಕಿಯೂ ಹಾಗೇ. ಅಷ್ಟು ದೂರ ಇದ್ದದ್ದು ಫೋಟೋದಲ್ಲಿ ಸೂಜಿ ಮೊನೆಯಷ್ಟು ಬೀಳಬೇಕು. ನಡುವೆ ಗಾಳಿ ಅಲುಗಾಡುತ್ತದೆ, ದುರ್ಬೀನಿನ ಗಾಜು ತನ್ನದೊಂದಿಷ್ಟು ಸೇರಿಸುತ್ತದೆ, ಬಿಂದು ಹರಡಿ ಬೊಟ್ಟಾಗುತ್ತದೆ. ಆ ಬೊಟ್ಟಿನ ಆಕಾರ ಗೊತ್ತಾಯಿತೋ, ಎರಡು ಚಿಕ್ಕಿ ಮೈಗೆ ಮೈ ಹಚ್ಚಿ ಒಂದರ ಹಾಗೆ ಕಾಣುವಲ್ಲಿ ಒಂದು ಬೊಟ್ಟನ್ನು ಕಳೆದು, ಹಿಂದೆ ಅಡಗಿದ್ದು ಯಾರು ಎಂದು ನೋಡಬಹುದು. ನಿನ್ನ ಸೊಸಿ ಮಾಡುವುದು ಆ ಆಕಾರದ ಮಾದರಿ. ಅವ್ವ ಕೇಳಿಸಿಕೊಂಡು, ಹಂಗಾರ ಚೊಲೋ ಚುಕ್ಕಿ ನೋಡಿ ಅಳತಿ ತಗೋಬೇಕು, ಕೂಡಿಕೊಂಡಿದ್ದನ್ನ ನೋಡಿ ತಗೊಂಡ್ರ ಎಲ್ಲಾ ಹದಗೆಡತೈತಿ ಎಂದಳು. ಮಂಡಳಿಯ ಕಾರ್ಯವ್ಯಾಪ್ತಿಯನ್ನು ಇಷ್ಟು ಸಣ್ಣದಾಗಿ ನಾನು ಎಂದೂ ಹೇಳಿರಲಿಲ್ಲ.

ಆ ಚೊಲೋ ಚುಕ್ಕಿ ಆರಿಸುವುದೇ ನಮ್ಮ ಮಂಡಳಿಯ ಕೆಲಸ. ಚಿತ್ರದಲ್ಲಿ ಸಾವಿರ ಚಿಕ್ಕಿ ಇರುತ್ತವೆ. ಮಾದರಿ ಕಟ್ಟಲು ಒಂಟಿಯಾಗಿ ನಿಂತ ಹಲವು ಬೇಕು. ಕಂಪ್ಯೂಟರ್ ಒಂದೊಂದಾಗಿ ತೋರಿಸುತ್ತ ಹೋಗುತ್ತದೆ, ಮನುಷ್ಯ ಹೂಂ ಅಥವಾ ಊಹೂಂ ಎನ್ನಬೇಕು. ಬೇರೆಯವರು ಅದನ್ನೂ ಯಂತ್ರಕ್ಕೆ ಬಿಡುತ್ತಾರೆ. ನೀನು ಬಿಡಲಿಲ್ಲ. ಅಚ್ಚಿನ ಮನೆಯಲ್ಲಿ ಕರಡು ತಿದ್ದಿ ತಿದ್ದಿ ಪಳಗಿದ ಕಣ್ಣು ನಮ್ಮ ಮನೆಯಲ್ಲೇ ಇದೆ, ಯಂತ್ರ ಯಾಕೆ ಎಂದೆ. ಕನ್ನಡ ಶಾಲೆಯಲ್ಲಿ ಕಲಿತು, ಬಿ.ಎ. ಮಾಡಿ, ಮದುವೆ ಕಾರ್ಡುಗಳಿಗೆ ಪ್ರಾಸ ಕಟ್ಟುತ್ತ ಕೂತವನನ್ನು ಖಗೋಳ ವಿಜ್ಞಾನದ ಒಳಗೆ ಹಿತ್ತಲ ಬಾಗಿಲಿನಿಂದ ಕರೆದುಕೊಂಡೆ. ನಿಯಮಗಳನ್ನು ನೀನು ಇಂಗ್ಲಿಷಿನಲ್ಲಿ ಹೇಳಿದೆ. ಮರೆಯಬಾರದೆಂದು ನಾನು ಕಟ್ಟಿಕೊಂಡೆ:

ಒಂಟಿ ಇರಬೇಕು, ದುಂಡಗೆ ಇರಬೇಕು,
ಅಂಚಿನ ತಂಟೆಗೆ ಹೋಗದೆ ಇರಬೇಕು.
ಉರಿದು ಉಕ್ಕಿ ಬಿಳುಚಿದ್ದು ಬೇಡ,
ಮಂಕಾಗಿ ಮೂಲೆಗೆ ಮಲಗಿದ್ದೂ ಬೇಡ.

ಇದನ್ನು ಕೇಳಿ ನೀನು, ಇದು ಚಿಕ್ಕಿಗೋ, ವರನಿಗೋ ಎಂದಿದ್ದೆ. ಎರಡಕ್ಕೂ ನಡೆಯುತ್ತದೆ, ನೀನು ಆರಿಸುವಾಗ ಯಾರೂ ಈ ಪದ್ಯ ಹೇಳಿಕೊಟ್ಟಿರಲಿಲ್ಲ ಎಂದಿದ್ದೆ ನಾನು.

ಇನ್ನು ತೂತಿಗೆ ಬರುತ್ತೇನೆ. ದಸರೆಯಿಂದೀಚೆಗೆ ನೀನು ಕಳೆದು ನೋಡಿದ ಪ್ರತಿ ಚಿತ್ರದಲ್ಲೂ, ಚಿಕ್ಕಿ ಇದ್ದ ಜಾಗದಲ್ಲಿ, ಏನೂ ಉಳಿಯಬಾರದ ಕಡೆ, ಒಂದು ಕರಿ ತೂತು ಉಳಿಯುತ್ತಿದೆ. ಅಂದರೆ ಮಾದರಿಯು ಇರುವುದಕ್ಕಿಂತ ಹೆಚ್ಚು ಕಳೆಯುತ್ತಿದೆ, ಅದೂ ಒಂದೇ ಮಗ್ಗಲಲ್ಲಿ. ನೀನು ದುರ್ಬೀನು ವಾಲಿದೆಯೇ ನೋಡಿದೆ. ಗಾಜು ನೋಡಿದೆ. ಗಾಳಿಯ ದಿಕ್ಕು ನೋಡಿದೆ. ಪುಣೆಗೆ ಹೋದ ಮೇಲೆ ಹೊಸದಾಗಿ ಬರೆದ ಕೋಡನ್ನು ಸಾಲು ಸಾಲಾಗಿ ಬಿಚ್ಚಿದೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತನ್ನು ಮಾತ್ರ ಇದ್ದ ಹಾಗೇ ಬರೆಯುತ್ತೇನೆ.

"ಯಾವ ದುರ್ಬೀನಿನ ಚಿತ್ರ ಇರಲಿ, ಯಾವ ಊರಿಂದು ಇರಲಿ, ತೂತು ಬಲಕ್ಕ ಕೆಳಗನ ಬೀಳತೈತಿ. ದುರ್ಬೀನ ಬ್ಯಾರೆ, ಊರು ಬ್ಯಾರೆ, ಆಕಾಶನೂ ಬ್ಯಾರೆ. ಎಲ್ಲಾದ್ರೊಳಗೂ ಇರಾಕಿ ನಾ ಒಬ್ಬಾಕೀನ."

ನೀನು ಫೋನ್ ಇಟ್ಟ ಮೇಲೆ ನಾನು ಓಣಿಗೆ ಬಂದು ನಿಂತೆ. ಸಂಜೆಯಾಗಿತ್ತು, ಆಗಷ್ಟೇ ಕಂಬದ ದೀಪ ಹತ್ತಿತ್ತು. ಮಗ್ಗದ ಸಪ್ಪಳ ನಿಂತಿರಲಿಲ್ಲ. ದೀಪವನ್ನು ನೋಡಿದೆ. ದೀಪದ ಬಲಕ್ಕೆ, ಕೆಳಗೆ, ಇನ್ನೊಂದು ಮರಿ ದೀಪ ಇತ್ತು.

ನಬಿಸಾಬ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಕಂಬದ ಮೇಲೆ ಎಷ್ಟು ದೀಪ ಅದಾವ್ರೀ ಎಂದು ಕೇಳಿದೆ. ಅವರು ನನ್ನನ್ನೊಮ್ಮೆ, ದೀಪವನ್ನೊಮ್ಮೆ ನೋಡಿ, ಹೆಂಡ್ತಿ ಊರಾಗಿಲ್ಲಂತ ಏನರ ಸುರು ಮಾಡಿ ಏನಲೇ ನಂದೀಶಾ ಎಂದರು. ಮಂಡಳಿಯ ಗೌರವ ಕಾಪಾಡಲು ಇಲ್ಲರೀ ಎಂದು ಹೇಳಿ ಒಳಗೆ ಬಂದೆ.

ಎಡಗಣ್ಣು ಮೊದಲೇ ಮಂಜು, ನಿನಗೂ ಗೊತ್ತು. ಚಾಳೀಸು ಬಂದಾಗಲೇ ಅದು ಸೋಮಾರಿಯಾಯಿತು. ಕೆಲಸವೆಲ್ಲ ಬಲಗಣ್ಣಿನದೇ. ಗಣಪತಿ ಹಬ್ಬದ ಸುಮಾರಿಗೆ ಆ ಬಲಗಣ್ಣಿನಲ್ಲಿ ಬೆಳಕಿನ ಪ್ರತಿ ಬಿಂದುವಿಗೂ ಒಂದು ಮರಿ ಹುಟ್ಟತೊಡಗಿತು. ಗಣಪತಿ ಮುಂದಿನ ದೀಪಕ್ಕೂ, ಮೋಟಾರ್ ಸೈಕಲ್ ಲೈಟಿಗೂ, ಕಂಪ್ಯೂಟರಿನ ಪರದೆ ಮೇಲಿನ ಚಿಕ್ಕಿಗೂ. ನಾನು ನಿನಗೆ ಹೇಳಲಿಲ್ಲ. ನೀನು ಪುಣೆಗೆ ಹೋಗುವ ತಯಾರಿಯಲ್ಲಿದ್ದೆ; ಹೊರಟವಳ ಕಾಲಿಗೆ ಅಡ್ಡ ಬರಬಾರದು, ನಿನಗೆ ತ್ರಾಸ ಕೊಡಬಾರದು ಎಂದು ಸುಮ್ಮನಿದ್ದೆ. ಮಂಡಳಿಯು ಇದನ್ನು ಅಧ್ಯಕ್ಷರ ತ್ಯಾಗ ಎಂದು ದಾಖಲಿಸಿದೆ.

ಮರಿ ಕಂಡರೆ ಕೆಲಸ ಕೆಡುತ್ತದಲ್ಲ ಎಂದು ಸದಸ್ಯರು ಕೇಳಬಹುದು. ಕೆಡಬಾರದೆಂದೇ ಜಾಣತನ ಮಾಡಿದೆ. ಬಲಕ್ಕೆ ಕೆಳಗೆ ಕಾಣುವ ಮರಿ ನನ್ನ ಕಣ್ಣಿನದು, ಚಿಕ್ಕಿಯದಲ್ಲ, ಅದನ್ನು ಬಿಟ್ಟು ನೋಡಬೇಕು ಎಂದು ರೂಢಿ ಮಾಡಿಕೊಂಡೆ. ಎಡಕ್ಕೆ ಜೊತೆ ಕಂಡರೆ ಊಹೂಂ. ಮೇಲೆ ಕಂಡರೆ ಊಹೂಂ. ಬಲಕ್ಕೆ ಕೆಳಗೆ ಕಂಡರೆ ಹೂಂ, ಅದು ನಮ್ಮದೇ ಮನೆಯ ಮರಿ. ಹೀಗೆ, ಆಕಾಶದಲ್ಲಿ ಖರೆ ಖರೆ ಜೋಡಿಯಾಗಿದ್ದು, ಜೊತೆಗಾರ ಬಲಕ್ಕೆ ಕೆಳಗೆ ನಿಂತಿದ್ದ ಚಿಕ್ಕಿಗಳನ್ನೆಲ್ಲ ಒಂಟಿ ಎಂದು ಆರಿಸಿ ಕಳಿಸಿದೆ. ನೀನು ಅವನ್ನೆಲ್ಲ ಕೂಡಿಸಿ ಮಾದರಿ ಕಟ್ಟಿದೆ. ಆ ಮಾದರಿಗೆ ಬಲಕ್ಕೆ ಕೆಳಗೆ ಒಂದು ಬಾಲ ಬಂತು. ನಿಜವಾಗಿ ಒಂಟಿ ಇದ್ದ ಚಿಕ್ಕಿಯಿಂದ ಅದನ್ನು ಕಳೆದಾಗ, ಇಲ್ಲದ ಬಾಲವನ್ನೂ ಕಳೆಯಿತು. ಉಳಿದದ್ದು ತೂತು.

ಮಮತಾ, ಎಲ್ಲ ಚಿತ್ರಗಳಲ್ಲೂ ಇರುವವಳು ನೀನೊಬ್ಬಳೇ ಅಲ್ಲ. ಇನ್ನೊಬ್ಬನೂ ಇದ್ದಾನೆ.

ಸಾಕ್ಷಿ ಇಲ್ಲದೆ ಮಂಡಳಿ ಯಾವುದನ್ನೂ ಒಪ್ಪುವುದಿಲ್ಲ. ಮೊದಲನೆಯ ಸಾಕ್ಷಿ ಪ್ರೆಸ್ಸಿನ ಮಾಲೀಕ ಹುಲಗಪ್ಪ. ಶಿರಹಟ್ಟಿಯ ಒಂದು ಮದುವೆ ಕಾರ್ಡಿನಲ್ಲಿ ವರನ ತಂದೆಯ ಹೆಸರು ಎರಡು ಸಲ ಅಚ್ಚಾಗಿ ಹೋಗಿತ್ತು, ಸಾಲಿನ ಕೆಳಗೆ ಸಾಲು. ಕರಡು ನೋಡಿದವನು ನಾನೇ. ಎರಡನೆಯ ಸಾಲನ್ನು ಕಣ್ಣಿನ ಲೆಕ್ಕಕ್ಕೆ ಬಿಟ್ಟಿದ್ದೆ. ಹುಲಗಪ್ಪ ಬೈಯಲಿಲ್ಲ. "ಏನ್ರೀ ಪಂಡಿತರ, ಆ ಹುಡುಗಗ ಇಬ್ಬರು ಅಪ್ಪಂದಿರನ್ನ ಮಾಡಿಟ್ರಿ. ಹೆಣ್ಣಿನವರು ಯಾರ ಕಾಲಿಗೆ ಬೀಳಬೇಕು?" ಎಂದ. ಆಗಲೂ ನಾನು ಟ್ಯೂಬ್ ಲೈಟನ್ನೇ ಬೈದೆ. ಅವನು ಪಾಪ ಹೊಸ ಟ್ಯೂಬ್ ಲೈಟ್ ಹಾಕಿಸಿದ.

ಎರಡನೆಯ ಸಾಕ್ಷಿ ಜಾಸ್ಮಿನ. ನಿನ್ನೆ ಗದಗಿನ ಕಣ್ಣಿನ ದವಾಖಾನೆಗೆ ಹೋಗಿದ್ದೆ. ಡಾಕ್ಟರ್ ನೋಡುವ ಮುಂಚೆ ಕಣ್ಣು ಪರೀಕ್ಷೆ ಮಾಡುವ ಹುಡುಗಿ ಆಕೆ. ನನ್ನ ಹೆಸರು, ಊರು ಕೇಳಿ, ನೀವು ಮಮತಾ ಮೇಡಂ ಅವರ ಮನೆಯವರೇನ್ರೀ ಎಂದಳು. ಲಕ್ಷ್ಮೇಶ್ವರದಲ್ಲಿ ನಿನ್ನ ಕೈಯಲ್ಲಿ ಕಲಿತವಳಂತೆ. ಬೆಳಕಿನ ಪಾಠದಲ್ಲಿ ನೀನು ಮಾಡಿಸಿದ ಪ್ರಯೋಗ ಇನ್ನೂ ನೆನಪಿದೆಯಂತೆ. ಅಡಗಿಕೊಳ್ಳಬೇಕೆಂದು ಹೋದ ಕಡೆಯೂ ನಿನ್ನ ಶಿಷ್ಯರು. ಕೋಣೆ ಕತ್ತಲು ಮಾಡಿ, ಎಡಗಣ್ಣು ಮುಚ್ಚಿಸಿ, ಗೋಡೆಯ ಮೇಲೆ ಒಂದು ಬೆಳಕಿನ ಬಿಂದು ತೋರಿಸಿ, ಏನು ಕಾಣುತ್ತದೆಯೋ ಅದನ್ನೇ ಈ ಹಾಳೆಯಲ್ಲಿ ಬರೆಯಿರಿ ಎಂದು ಪೆನ್ಸಿಲ್ ಕೊಟ್ಟಳು. ಬರೆದೆ. ನಡುವೆ ದುಂಡಗೆ ಒಂದು, ಬಲಕ್ಕೆ ಕೆಳಗೆ ಸಣ್ಣದೊಂದು, ಎರಡಕ್ಕೂ ನಡುವೆ ಮಸುಕು ಸೇತುವೆ.

ಬರೆದು ಮುಗಿಸಿ ಹಾಳೆಯನ್ನು ನೋಡಿದೆ. ಕಳೆದ ವಾರ ನೀನು ಕಳಿಸಿದ್ದ ನಿನ್ನ ಮಾದರಿಯ ಚಿತ್ರ ಇದೆಯಲ್ಲ, ಯಾಕೆ ಹೀಗೆ ಬಾಲ ಬರುತ್ತಿದೆ ನೋಡು ಎಂದಿದ್ದೆಯಲ್ಲ, ಅದೇ ಇದು. ನೀನು ಇಷ್ಟು ದಿನ ಹಗಲೆಲ್ಲ ಕೂತು ಲೆಕ್ಕ ಮಾಡಿ ಕಟ್ಟಿದ್ದು ಯಾವ ದುರ್ಬೀನಿನ ಮಾದರಿಯೂ ಅಲ್ಲ. ನನ್ನ ಬಲಗಣ್ಣಿನ ಮಾದರಿ. ಕಾಣದ ಊರಲ್ಲಿ ಕೂತು, ನನ್ನ ಕಣ್ಣೊಳಗಿನ ದೋಷವನ್ನು ಇಷ್ಟು ಸರಿಯಾಗಿ ಬಿಡಿಸಿದ್ದೀ. ಇಂಥ ಮಾದರಿಯನ್ನು ತಪ್ಪು ಎಂದು ಹೇಳಲು ನಿನಗೆ ಬಾಯಾದರೂ ಹೇಗೆ ಬಂತು?

ಇದು ಕಣ್ಣಿನ ಪೊರೆ, ಸರ್, ಈ ವಯಸ್ಸಿಗೆ ಜರಾ ಜಲ್ದಿ ಬಂದೈತಿ ಎಂದಳು ಜಾಸ್ಮಿನ. ನಿಮ್ಮ ಕೆಲಸ ಏನ್ರೀ ಎಂದು ಕೇಳಿದಳು. ಚಿಕ್ಕಿ ಆರಿಸೂದು ಎಂದೆ. ಆಕೆ ನಕ್ಕು, ಹಂಗಾರ ಒಂದಿದ್ದಿದ್ದನ್ನ ಎರಡು ಅಂತ ಬರಕೊಂಡಿರಬೇಕಲ್ರೀ ಎಂದಳು. ಇಲ್ಲವ್ವಾ, ಎರಡಿದ್ದಿದ್ದನ್ನ ಒಂದು ಅಂತ ಬರಕೊಂಡೇನಿ ಎಂದೆ. ಅದಕ್ಕೆ ಆಕೆ ನಗಲಿಲ್ಲ. ಮೇಡಂಗೆ ಹೇಳ್ರೀ ಎಂದಳು, ನಿನ್ನ ದನಿಯಲ್ಲೇ. ಆ ಹಾಳೆಯನ್ನು ಕೇಳಿ ತಂದಿದ್ದೇನೆ, ಈ ಕಾಗದದ ಮಡಿಕೆಯಲ್ಲಿದೆ. ಡಾಕ್ಟರು ಹೇಳಿದ್ದು ಅವ್ವನಿಗೆ ಹೋದ ವರ್ಷ ಮುಂಡರಗಿಯ ಶಿಬಿರದಲ್ಲಿ ಆದಂಥದೇ ಸಣ್ಣ ಆಪರೇಷನ್; ಬರುವ ತಿಂಗಳು ಮಾಡಬಹುದು. ನೀನು ಮೂಗಿನ ತುದಿ ಕೆಂಪು ಮಾಡಿಕೊಳ್ಳುವಂಥದೇನೂ ಇಲ್ಲ. ಕೆಂಪಾಗಿದ್ದರೆ ಚಟ್ನಿಯಿಂದ ಎಂದು ತಿಳಿಯುತ್ತೇನೆ.

ಈಗ ಪೆನ್ ಡ್ರೈವಿನ ವಿಚಾರ. ಅದರಲ್ಲಿರುವುದು ಹೊಸ ಆಯ್ಕೆ. ನನ್ನ ಕಣ್ಣಿನದಲ್ಲ, ಗಾಬರಿಯಾಗಬೇಡ. ಇವತ್ತು ಪ್ರೆಸ್ಸಿಗೆ ರಜೆ ಹಾಕಿ, ಅವ್ವನನ್ನು ಕಂಪ್ಯೂಟರಿನ ಮುಂದೆ ಕೂಡಿಸಿದೆ. ಆಪರೇಷನ್ ಆದ ಮೇಲೆ ಆಕೆಯ ಕಣ್ಣು ಹೇಗಾಗಿದೆ ಎಂದು ನಿನಗೆ ಗೊತ್ತಲ್ಲ. ಎದುರು ಮನೆಯ ಮಾಳಿಗೆಯ ಮೇಲೆ ಒಣಗಿಸಿದ ಹಪ್ಪಳ ಎಣಿಸಿ, ಒಂದು ಕಾಗೆ ಒಯ್ದಿತು ಎಂದು ಇಲ್ಲಿಂದಲೇ ಹೇಳುತ್ತಾಳೆ. ಮೌಸ್ ನಾನು ಹಿಡಿದೆ, ನೋಡುವುದು ಆಕೆಗೆ ಬಿಟ್ಟೆ. ಮೊದಲನೆಯ ಚಿಕ್ಕಿ ಬಂತು. ನಾನು ಹಿಂದೆ ಒಂಟಿ ಎಂದು ಕಣ್ಣು ಮುಚ್ಚಿ ಒಪ್ಪಿದ್ದ ಚಿಕ್ಕಿ ಅದು.

"ಬ್ಯಾಡ ತಗಿ. ಇದಕ್ಕ ಮಗ್ಗಲದಾಗ ಮರಿ ಐತಿ."

ಎಲ್ಲಿ ಎಂದೆ. ಕೆಳಗ, ಬಲಗೈ ಕಡೆ ಎಂದಳು. ಮುಂದಿನದಕ್ಕೂ ಅದೇ ಮಾತು. ಅದರ ಮುಂದಿನದಕ್ಕೂ. ಕೊನೆಗೆ ಆಕೆಗೆ ಸಂಶಯ ಬಂದು, ಯಾರಪಾ ಇವನ್ನ ಆರಿಸಿದಾಂವ, ಎಲ್ಲಾ ಬಸುರಿ ಚಿಕ್ಕೀನ ಆರಿಸ್ಯಾನಲ್ಲ ಎಂದಳು. ಯಾರೋ ಬೇರೆ ಊರವರು ಎಂದೆ. ಮಂಡಳಿಯ ಒಳಗಿನ ವಿಷಯ ಹೊರಗೆ ಹೋಗಬಾರದು.

ಮೊದಮೊದಲು ಭಾಳ ಕಟ್ಟುನಿಟ್ಟು ಮಾಡಿದಳು. ಒಂದು ಚಿಕ್ಕಿ ಚೊಲೋ ದುಂಡಗಿದ್ದರೂ ಬೇಡ ಎಂದಳು. ಯಾಕೆ ಎಂದರೆ ಒಬ್ಬಾಕಿನ ಅದಾಳ, ಪಾಪ ಎಂದಳು. ಅವ್ವಾ, ನಮಗ ಒಬ್ಬಾಕೀನ ಬೇಕು ಎಂದು ತಿಳಿಸಿ ಹೇಳಬೇಕಾಯಿತು. ಆಮೇಲೆ ಅಕ್ಕಿ ಆರಿಸಿದಷ್ಟು ಸಲೀಸು. ಊಟದ ಹೊತ್ತಿಗೆ ಎಲ್ಲ ಚಿತ್ರಗಳ ಆಯ್ಕೆ ಮುಗಿಯಿತು. ನೀನು ಇಲ್ಲಿ ಬಿಟ್ಟುಹೋದ ಕೋಡಿಗೆ ಅದನ್ನು ಉಣಿಸಿ, ಮಾದರಿ ಕಟ್ಟಿಸಿ, ನೀನು ಕಲಿಸಿದಂತೆ ಒಂದು ಚಿತ್ರದಿಂದ ಕಳೆಸಿದೆ. ಪರದೆಯ ಮೇಲೆ ಬೂದು ಬಣ್ಣ ಬಂತು. ತೂತು ಇದೆಯೋ ಇಲ್ಲವೋ ಹೇಳಲು ನನ್ನ ಕಣ್ಣನ್ನು ನಾನೇ ನಂಬುವ ಹಾಗಿರಲಿಲ್ಲ. ಅವ್ವನನ್ನು ಕೇಳಿದೆ, ಇಲ್ಲಿ ಏನು ಕಾಣುತ್ತದೆ ಎಂದು.

ಆಕೆ ಪರದೆಯ ಹತ್ತಿರ ಬಂದು, ದೂರ ಸರಿದು, ಸೆರಗಿನಿಂದ ಪರದೆ ಒರೆಸಿ ನೋಡಿದಳು.

"ಏನೂ ಇಲ್ಲಪಾ. ಏನೂ ಇಲ್ಲದ್ದನ್ನ ತೋರಿಸಿ ಏನೈತಿ ಅಂತ ಕೇಳತೀಯಲ್ಲೋ, ನಂದ್ಯಾ, ಮೈಗೆ ಆರಾಮ ಐತಿಲ್ಲೋ?"

ಮತ್ತೊಮ್ಮೆ ನೋಡು, ಬಲಕ್ಕ, ಕೆಳಗ, ಕರ್ರಗ ಏನರ ಎಂದು ಕೇಳಿದೆ. ಒಂದು ಬೂದಿ ಬಣ್ಣ ಬಿಟ್ರ ದೇವರಾಣೆಗೂ ಏನೂ ಇಲ್ಲ ಎಂದಳು. ನಾನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಏನೂ ಇಲ್ಲ ಎಂಬ ಮಾತು ಕೇಳಿ 'ಬದುಕಿದೆ' ಎನ್ನುವ ಹಾಗಾದದ್ದು ಇದೇ ಮೊದಲು. ಆಮೇಲೆ ಬೇರೆ ದುರ್ಬೀನುಗಳ ಚಿತ್ರಗಳನ್ನೂ ನೋಡಿದೆವು. ಎಲ್ಲದರಲ್ಲೂ ಅಷ್ಟೇ. ಕೊನೆಯಲ್ಲಿ ಕಂಪ್ಯೂಟರ್ ಕೊಡುವ ತಪ್ಪಿನ ಅಂಕಿಯೂ ನೀನು ಇಷ್ಟರೊಳಗೆ ಇರಬೇಕು ಎನ್ನುತ್ತಿದ್ದೆಯಲ್ಲ, ಅದಕ್ಕಿಂತ ಕೆಳಗೇ ಇದೆ. ನಿನ್ನ ಕೋಡಿನಲ್ಲಿ ಒಂದು ಅಲ್ಪವಿರಾಮವನ್ನೂ ನಾನು ಮುಟ್ಟಿಲ್ಲ. ಮುಟ್ಟಬೇಕಾಗಿಯೇ ಇರಲಿಲ್ಲ.

ಆದ್ದರಿಂದ ಮಂಡಳಿಯು ಸರ್ವಾನುಮತದಿಂದ ಕೆಳಗಿನ ನಿರ್ಣಯಗಳಿಗೆ ಬಂದಿದೆ. ಶ್ರೀಮತಿ ಮಮತಾ ಇವರು ಶುಕ್ರವಾರದ ಸಭೆಯಲ್ಲಿ ಮಾದರಿಯನ್ನು ತೆಗೆಯತಕ್ಕದ್ದಲ್ಲ. ಹೊಸ ಆಯ್ಕೆ ಹಾಕಿ, ತೂತಿಲ್ಲದ ಚಿತ್ರ ತೋರಿಸಿ, ಗತ್ತಿನಿಂದ ನಿಲ್ಲತಕ್ಕದ್ದು. ಶನಿವಾರದ ಗಾಡಿ ಹತ್ತತಕ್ಕದ್ದಲ್ಲ. ಪುಣೆಯಲ್ಲಿ ಇರಬೇಕಾದಷ್ಟು ದಿನ ಇದ್ದು, ಕೆಲಸ ಮುಗಿಸಿಕೊಂಡು ಬರತಕ್ಕದ್ದು. ಡಾಕ್ಟರು ಕೊಟ್ಟ ಕಣ್ಣಿನ ಔಷಧದ ಹನಿಯನ್ನು ಅವ್ವ ಹೊತ್ತು ಹೊತ್ತಿಗೆ ಹಾಕುತ್ತಾಳೆ, ಎರಡಕ್ಕೆ ಮೂರು ಹಾಕುತ್ತಾಳೆ. ಮಂಡಳಿಯ ಹಾಲಿ ಅಧ್ಯಕ್ಷರು ಆರೋಗ್ಯದ ಕಾರಣ ರಾಜೀನಾಮೆ ಸಲ್ಲಿಸಿದ್ದು, ಮುಂದಿನ ಅಧ್ಯಕ್ಷೆಯಾಗಿ ಶ್ರೀಮತಿ ಶಂಕ್ರೆವ್ವ ಇವರನ್ನು ಆರಿಸಲಾಗಿದೆ. ನೂತನ ಅಧ್ಯಕ್ಷೆಯವರು ಅವರೆಕಾಯಿ ಸಿಪ್ಪೆ ಎಮ್ಮೆಗೆ ಹಾಕಲು ಹೋಗಿದ್ದರಿಂದ ಸ್ವೀಕಾರ ಭಾಷಣವನ್ನು ಮುಂದೂಡಲಾಗಿದೆ. ವಂದನಾರ್ಪಣೆ ಎಂದಿನಂತೆ ಪ್ರಾಸದಲ್ಲಿ

ಇಲ್ಲ. ಪ್ರಾಸ ಬರುತ್ತಿಲ್ಲ, ಮಮತಾ. ಸಾಕು.

ನಿನಗೆ ತ್ರಾಸ ಕೊಡಬಾರದೆಂದು ಸುಮ್ಮನಿದ್ದೆ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ತ್ಯಾಗ ಅಲ್ಲ, ಅಂಜಿಕೆ. ಕಣ್ಣು ಹೋಯಿತು ಎಂದು ಹೇಳಿದ ದಿನವೇ ಆಯ್ಕೆಯನ್ನು ಯಂತ್ರಕ್ಕೆ ಕೊಡುತ್ತೀ, ನಿನ್ನ ಕೆಲಸದಲ್ಲಿ ನನಗೆ ಇದ್ದದ್ದು ಅದೊಂದೇ ಜಾಗ, ಅದೂ ಹೋದರೆ ನೀನು ಹೇಳುವುದನ್ನು ಹೂಂ ಹೂಂ ಎಂದು ಕೇಳುವ ಗಂಡನಾಗಿ ಉಳಿಯುತ್ತೇನೆ ಎಂದು ಅಂಜಿದೆ. ನೀನು ನಿನ್ನನ್ನೇ ತಪ್ಪಿತಸ್ಥಳೆಂದು ಅಂದುಕೊಂಡ ಮೇಲೂ ಒಂದು ಇಡೀ ಸಂಜೆ, ಇದನ್ನು ಹೇಳದೆ ಇರಲು ಏನಾದರೂ ಹಾದಿ ಇದೆಯೇ ಎಂದು ಹುಡುಕಿದೆ.

ನಿನ್ನ
ನಂದೀಶ

ತಾ.ಕ.: ಇದನ್ನು ಓದಿ ನೀನು ಏನು ಮಾಡುತ್ತೀ ಎಂದು ನನಗೆ ಗೊತ್ತು. ಶುಕ್ರವಾರ ಎದ್ದು ನಿಂತು, ಆಯ್ಕೆಯಲ್ಲಿ ಏನೋ ದೋಷ ಇತ್ತು, ಈಗ ಸರಿಹೋಯಿತು ಎಂದು ಅಷ್ಟಕ್ಕೇ ಮುಗಿಸಿ ನನ್ನನ್ನು ಸೆರಗಿನಲ್ಲಿ ಮುಚ್ಚಿಬಿಡುತ್ತೀ. ಆಗ ಕೇಳಿದವರಿಗೆ ನಿನ್ನ ಮೇಲೆಯೇ ಅನುಮಾನ ಉಳಿಯುತ್ತದೆ. ಅದಕ್ಕೆ ಪುಣೆಯ ನಿಮ್ಮ ಹಿರಿಯ ಮೇಡಂಗೆ ನಾನೇ ಒಂದು ಮೇಲ್ ಬರೆದು, ಗುರುವಾರ ಮಧ್ಯಾಹ್ನ ತಾನಾಗಿ ಹೋಗುವ ಹಾಗೆ ಇಟ್ಟಿದ್ದೇನೆ. ಅದನ್ನು ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿಲ್ಲ, ನೀನೂ ಕೇಳಬೇಡ. ಇಂಗ್ಲಿಷ್ ನನ್ನದೇ. ಉದ್ದ ಏನಿಲ್ಲ: ಚಿಕ್ಕಿ ಆರಿಸಿದವನು ನಾನು, ಕೆಟ್ಟದ್ದು ನನ್ನ ಕಣ್ಣು, ಮಾದರಿ ಮಮತಾಳದು, ಅದು ಸರಿ ಇದೆ. ಕೆಳಗೆ ನನ್ನ ಹೆಸರನ್ನು ಊರಿನ ಸಮೇತ ಪೂರ್ತಿ ಬರೆದಿದ್ದೇನೆ.